‘ಇಲ್ಲ’ ಅನ್ನುವ ಇಂಗ್ಲಿಷು

ಮೊನ್ನೆ ಮಧ್ಯಾಹ್ನ ಮೊಮ್ಮಗಳು ಶಾಲೆಯ ಇಂಗ್ಲಿಷ್ ಪುಸ್ತಕ ಹರವಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ‘ಕಾಂಟ್ ಗೆಟ್ ಥ್ರೂ’ ಅಂದರೇನು ಅಂತ ಅವಳ ಅವ್ವನನ್ನು ಕೇಳಿದಳು. ಅವ್ವ ಮೊಬೈಲಿನಲ್ಲಿ ಹುಡುಕತೊಡಗಿದಳು. ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದ ನಾನು ತಲೆ ಎತ್ತದೆ, ‘ಫೋನ್ ಹತ್ತವಲ್ದು ಅಂತ’ ಅಂದೆ. ಇಬ್ಬರೂ ತಿರುಗಿ ನೋಡಿದರು. ಬ್ಯಾಂಕಿನ ಚೀಟಿ ತುಂಬಲಿಕ್ಕೆ ಪಕ್ಕದವರನ್ನು ಕೇಳುವ ಅಜ್ಜಿ ಇವಳು. ಹುಡುಗಿ ಪರೀಕ್ಷೆ ಮಾಡುವವಳ ಹಾಗೆ ‘ಡೋಂಟ್ ಹ್ಯಾಂಗ್ ಅಪ್’ ಅಂದಳು. ‘ಇಡಬ್ಯಾಡ್ರಿ, ಹಿಡಕೊಂಡಿರ್ರಿ’ ಅಂದೆ. ‘ಡಿಡಂಟ್ ಪಿಕ್ ಅಪ್’ ಅಂದಳು. ‘ಎತ್ತಲಿಲ್ಲ.’ ಹೀಗೆ ಐದಾರು ಆದವು. ಅಷ್ಟಕ್ಕೇ ಅವಳು ನಿಲ್ಲಿಸಿದ್ದು ನನ್ನ ಪುಣ್ಯ. ‘ಇಲ್ಲ’ ಬಿಟ್ಟು ಬೇರೆ ಯಾವುದನ್ನು ಕೇಳಿದ್ದರೂ ನನ್ನ ಬಂಡವಾಳ ಬಯಲಾಗುತ್ತಿತ್ತು. ನನಗೆ ಬರುವ ಇಂಗ್ಲಿಷಿನಲ್ಲಿ ಹೌದು ಅನ್ನುವ ಮಾತು ಒಂದೂ ಇಲ್ಲ.

ಕಲಿಸಿದವರು ಖಾದರಸಾಬರು. ಎಪ್ಪತ್ತರ ದಶಕದ ನಡುವಿಗೆ ನಾನು ಹಾನಗಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಸೇರಿದೆ. ಎಕ್ಸ್‌ಚೇಂಜ್ ಅಂದರೆ ದೊಡ್ಡ ಕಟ್ಟಡವೆಂದು ತಿಳಿಯಬೇಡಿ. ಅಂಚೆ ಕಚೇರಿಯ ಹಿಂದಿನ ಕೋಣೆ, ಅದರಲ್ಲಿ ತೂತುಗಳ ಒಂದು ಬೋರ್ಡು, ವೈರಿನ ಪಿನ್ನುಗಳು, ಎರಡು ಕುರ್ಚಿ. ಕರೆ ಬಂದರೆ ದೀಪ ಹತ್ತುತ್ತಿತ್ತು; ಪಿನ್ನು ಚುಚ್ಚಿ, ಮಾತು ಕೇಳಿಸುವ ಕೀ ತೆರೆದು, ಆ ಊರಿಗೆ ಈ ಊರನ್ನು ಕೂಡಿಸಬೇಕು. ಖಾದರಸಾಬರು ಸವಣೂರಿನವರು, ಹಿರಿಯ ಆಪರೇಟರು, ಬಾಯಿ ತುಂಬ ಎಲೆ-ಅಡಿಕೆ. ಸೇರಿದ ಮೊದಲ ವಾರವೇ ಹಳೆಯ ರಟ್ಟಿನ ಮೇಲೆ ಕನ್ನಡ ಅಕ್ಷರದಲ್ಲಿ ಹತ್ತು-ಹನ್ನೆರಡು ಇಂಗ್ಲಿಷ್ ಮಾತು ಬರೆದು ಬೋರ್ಡಿನ ಪಕ್ಕ ತೂಗುಹಾಕಿದರು. ಎಲ್ಲವೂ ಆಗುವುದಿಲ್ಲ, ಸಿಗುವುದಿಲ್ಲ, ಬರಲಿಲ್ಲ ಅನ್ನುವಂಥವೇ. ಹಾವೇರಿ, ಹುಬ್ಬಳ್ಳಿಯವರ ಕೂಡ ಕನ್ನಡದಲ್ಲೇ ಮಾತಾಡಿದರೆ ಆಗದೇನ್ರಿ ಅಂತ ಕೇಳಿದೆ.

‘ಕನ್ನಡದಾಗ ಇಲ್ಲ ಅಂದ್ರ ಜಗಳ ಬರ್ತೈತಿ ತಂಗಿ,’ ಅಂದರು. ‘ಇಂಗ್ಲಿಷಿನ್ಯಾಗ ಅಂದ್ರ ರೂಲು ಅಂತಾರ.’

ಅವರ ಮಾತು ಸುಳ್ಳಲ್ಲ. ಆಗಿನವರಿಗೆ ಫೋನು ಇಡುವುದೇ ಒಂದು ಸಂಕಟವಾಗಿತ್ತು. ಹಿರಿಯರಿಗಿಂತ ಮೊದಲು ಕಿರಿಯರು ಇಡಬಾರದು, ಬೀಗರಿಗಿಂತ ಮೊದಲು ಬೀಗರು ಇಡಬಾರದು. ‘ಇಡ್ಲೇನ್ರಿ?’ ‘ಇಡ್ರಿ.’ ‘ನೀವ ಇಡ್ರಿ ಮೊದ್ಲ.’ ಮೂರು ನಿಮಿಷದ ಕರೆಯಲ್ಲಿ ಒಂದು ನಿಮಿಷ ಈ ಮರ್ಯಾದೆಗೇ ಹೋಗುತ್ತಿತ್ತು. ಕೊನೆಗೆ ನಾನೇ ನಡುವೆ ಬಾಯಿ ಹಾಕಿ ಬಿಡಿಸಬೇಕು. ಕನ್ನಡದಲ್ಲಿ ಬಿಡಿಸಿದರೆ ‘ಯಾರ ಮಗಳವಾ ನೀನು?’ ಅಂತ ಕೇಳುತ್ತಿದ್ದರು. ಇಂಗ್ಲಿಷಿನಲ್ಲಿ ಬಿಡಿಸಿದರೆ ‘ಆತ್ರಿ ಮೇಡಂ’ ಅಂತ ತೆಪ್ಪಗಾಗುತ್ತಿದ್ದರು. ಇಪ್ಪತ್ತರ ಹುಡುಗಿಗೆ ಇದಕ್ಕಿಂತ ದೊಡ್ಡ ಅಧಿಕಾರ ಏನು ಬೇಕು ಹೇಳಿ. ನನಗೆ ಆ ಕುರ್ಚಿ ಬಹಳ ಸೇರಿತು.

ಆದರೆ ಸಂಜೆ ಬಸ್ಸು ಹತ್ತಿ ಆಡೂರಿಗೆ ಹೋದೆನೆಂದರೆ ನಾನು ಬೇರೆಯೇ. ನಮ್ಮ ಮನೆಯಲ್ಲಿ ಅಪ್ಪನಿಗೆ ಯಾರೂ ‘ಇಲ್ಲ’ ಅಂದದ್ದು ನಾನು ಕೇಳಿಲ್ಲ. ಅಪ್ಪ ಸಿಟ್ಟಿನವನೆಂದಲ್ಲ, ಪಾಪ, ಎತ್ತಿಗೆ ಸುದ್ದಾ ಬೈಯುತ್ತಿರಲಿಲ್ಲ. ರೂಢಿ ಹಾಗೆ. ಬೇಡವಾದರೆ ‘ನೋಡೂಣು’ ಅನ್ನಬೇಕು, ಇಲ್ಲವೇ ಅಡಿಗೆಮನೆಗೆ ಎದ್ದುಹೋಗಬೇಕು. ಇಷ್ಟವಿದ್ದರೂ ಅಡಿಗೆಮನೆಗೇ ಹೋಗುತ್ತಿದ್ದೆವು. ಅರ್ಥ ಮಾಡಿಕೊಳ್ಳುವುದು ಅವರವರ ಕರ್ಮ.

ಎರಡು ವರ್ಷ ಹೀಗೇ ಹೋಯಿತು. ಆಮೇಲೆ ಶಿಗ್ಗಾಂವಿಯಿಂದ ಒಂದು ಸಂಬಂಧ ಬಂತು. ತಂದವರು ಅಲ್ಲಿಯ ಕಾಳಿನ ವ್ಯಾಪಾರಿ ಗಂಗಪ್ಪ ಸಾವಕಾರರು, ನಮ್ಮ ಪೈಕಿಯವರೇ. ಹಾನಗಲ್ಲಿನ ದಲಾಲರ ಕೂಡ ದಿನಾ ಫೋನಿನಲ್ಲಿ ಮಾತಾಡುವವರು, ನನ್ನ ದನಿ ಕೇಳಿಯೇ ಗೊತ್ತು. ಹಿರೇಕೆರೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ತಮ್ಮ ಅಕ್ಕನ ಮಗನಿಗೆ ನನ್ನನ್ನು ಕೇಳಿದರು. ಒಂದೇ ಮಾತು: ಮದುವೆಯಾದ ಮೇಲೆ ನೌಕರಿ ಬಿಡಬೇಕು. ಅಪ್ಪ ಇದನ್ನು ನನಗೆ ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ‘ಏನಂತೀವಾ?’ ಅಂತ ಬಾಗಿಲಲ್ಲಿ ನಿಂತು ಕೇಳಿದ. ‘ನಿನಗ ತಿಳದಂಗ ಮಾಡಪ್ಪಾ’ ಅಂದೆ. ಆ ರಾತ್ರಿ ನಾನು ಅತ್ತೆನೆಂದು ಬರೆದರೆ ಕತೆಗೆ ಚಂದ, ಆದರೆ ಅಳಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದೆ, ಅಷ್ಟೇ. ಕೊನೆಯ ರೊಟ್ಟಿ ಇಳಿಸುವಾಗಲೂ ಅಪ್ಪ ಬಾಗಿಲಲ್ಲೇ ಇದ್ದ.

ಮುಂದಿನ ವಾರ ಅಪ್ಪ ಒಪ್ಪಿಗೆ ತಿಳಿಸಲು ಹಾನಗಲ್ಲಿಗೆ ಬಂದ. ಶಿಗ್ಗಾಂವಿಗೆ ಫೋನು ಹಚ್ಚಿಕೊಡಲು ಚೀಟಿ ಬರೆಸಿ ಹೊರಗಿನ ಬೆಂಚಿನ ಮೇಲೆ ಕೂತ. ಚೀಟಿ ನನ್ನ ಕೈಗೇ ಬಂತು. ಅಪ್ಪನ ಹೆಸರು, ಸಾವಕಾರರ ನಂಬರು. ಕಾಂಟ್ ಗೆಟ್ ಥ್ರೂ ಅಂದಿದ್ದರೆ ಅವತ್ತಿಗೆ ಮುಗಿಯುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬೋರ್ಡಿನಲ್ಲಿ ಒಂದು ಸುಳ್ಳು ಹೇಳಿದವರು ನಾಳೆ ಯಾರದೋ ಸಾವಿನ ಸುದ್ದಿಯನ್ನೂ ತಡೆಯುತ್ತಾರೆ ಅಂತ ಖಾದರಸಾಬರು ಮೊದಲ ದಿನವೇ ಹೇಳಿದ್ದರು. ಪಿನ್ನು ಚುಚ್ಚಿದೆ. ಹಾವೇರಿ ಸಿಕ್ಕಿತು, ಶಿಗ್ಗಾಂವಿ ಸಿಕ್ಕಿತು, ಸಾವಕಾರರೂ ಸಿಕ್ಕರು. ಅಪ್ಪ ಬೂತಿನೊಳಗೆ ಹೋಗಿ ನಮಸ್ಕಾರ ಹೇಳಿದ. ಲೈನು ಕೂಡಿದ ಮೇಲೆ ಆಪರೇಟರು ಕೀ ಮುಚ್ಚಬೇಕು, ಕೇಳಬಾರದು. ನಾನು ಮುಚ್ಚಲಿಲ್ಲ. ಹುಡುಗಿ ನೌಕರಿ ಬಿಡೂದಕ್ಕ ಒಪ್ಯಾಳೇನ್ರಿ ಅಂತ ಸಾವಕಾರರು ಕೇಳಿದರು. ಅಪ್ಪ ಉತ್ತರಕ್ಕೆ ಉಸಿರು ತಗೊಂಡದ್ದು ನನ್ನ ಕಿವಿಗೆ ಬಿತ್ತು.

‘ಸಾವಕಾರ್ರ, ನಾ ಬೋರ್ಡಿನಿಂದ ಮಾತಾಡಾಕತ್ತೇನ್ರಿ,’ ಅಂದೆ. ‘ನಾ ನೌಕರಿ ಬಿಡಂಗಿಲ್ರಿ.’

ರಟ್ಟಿನ ಮೇಲಿನ ಒಂದು ಇಂಗ್ಲಿಷ್ ಮಾತೂ ನೆನಪಾಗಲಿಲ್ಲ. ಪಕ್ಕದಲ್ಲಿದ್ದ ಖಾದರಸಾಬರು ಮೆಲ್ಲಗೆ, ‘ಈಗ ಕೀ ಮುಚ್ಚವಾ. ಉಳದದ್ದು ಅವರ ಮಾತು’ ಅಂದರು. ಮುಚ್ಚಿದೆ. ಆಮೇಲೂ ಅವರಿಬ್ಬರೂ ಎರಡು ನಿಮಿಷ ಮಾತಾಡಿದರು. ನಾನು ದೀಪ ನೋಡುತ್ತ ಕೂತೆ. ಗಿರಾಕಿಯ ಮಾತಿನ ನಡುವೆ ಸ್ವಂತದ್ದು ಮಾತಾಡಿದ ಆಪರೇಟರಿನ ಮೇಲೆ ಸಾವಕಾರರು ಒಂದು ಗೆರೆ ದೂರು ಬರೆದು ಹಾಕಿದ್ದರೂ, ಯಾವ ನೌಕರಿ ಬಿಡುವುದಿಲ್ಲ ಅಂದೆನೋ ಅದೇ ಹೋಗುತ್ತಿತ್ತು.

ಅವರು ಬರೆಯಲಿಲ್ಲ. ಸಂಬಂಧ ಮುರಿಯಿತು. ಅಪ್ಪ ನಾಲ್ಕು ತಿಂಗಳು ನನ್ನ ಕೂಡ ಮಾತು ಬಿಟ್ಟ. ದಿನಾ ಸಂಜೆ ಆಡೂರಿನ ಸ್ಟ್ಯಾಂಡಿಗೆ ನನ್ನನ್ನು ಕರೆದೊಯ್ಯಲು ಬರುತ್ತಿದ್ದ, ಬಸ್ಸಿಳಿದರೆ ತಿರುಗಿ ನೋಡದೆ ಹತ್ತು ಮಾರು ಮುಂದೆ ನಡೆಯುತ್ತಿದ್ದ. ಮಗಳು ಎದುರು ಮಾತಾಡಿ ಮಾನ ಕಳೆದಳೆಂಬ ಸಿಟ್ಟು ಅಂತ ತಿಳಿದಿದ್ದೆ. ದೀಪಾವಳಿಗೆ ಒಂದು ಸಲ ‘ಎಣ್ಣಿ ಹಚ್ಚಿಕೋ’ ಅಂದ, ಅಲ್ಲಿಂದ ಮಾತು ಸುರುವಾಯಿತು. ಮುಂದೆ ನೌಕರಿಗೆ ಬೇಡ ಅನ್ನದ ಒಬ್ಬ ಮಾಸ್ತರರ ಜೊತೆ ಮದುವೆಯೂ ಆಯಿತು.

ಎಂಬತ್ತೆರಡೋ ಮೂರೋ ಇರಬೇಕು, ಗಂಗಪ್ಪ ಸಾವಕಾರರು ಮಾವಿನ ಸುಗ್ಗಿಯಲ್ಲಿ ಹಾನಗಲ್ಲಿಗೆ ಬಂದವರು ನನ್ನ ಮುಖ ನೋಡಲೆಂದೇ ಕಚೇರಿಗೆ ಬಂದರು. ನಕ್ಕರು. ಅವತ್ತು ನಾನು ಕೀ ಮುಚ್ಚಿದ ಮೇಲೆ ನಡೆದದ್ದನ್ನು ಅವರೇ ಹೇಳಿದರು. ಮಗಳು ಹಿಂಗಂತಾಳಲ್ಲ, ನೀವೇನಂತೀರಿ ಅಂತ ಅವರು ಕೇಳಿದರಂತೆ. ಆಕಿ ಅಂದದ್ದ ನಮ್ಮ ಮನಿ ಮಾತು ರೀ ಅಂದನಂತೆ ಅಪ್ಪ. ಹುಡುಗಿ ಮೇಲೆ ಕಂಪ್ಲೇಂಟ್ ಮಾತ್ರ ಬರೀಬ್ಯಾಡ್ರಿ ಅಂತ ಎರಡೆರಡು ಸಲ ಬೇಡಿಕೊಂಡನಂತೆ.

ಆ ಭಾನುವಾರ ಆಡೂರಿಗೆ ಹೋದೆ. ಅಪ್ಪ ಹಿತ್ತಲಲ್ಲಿ ಶೇಂಗಾ ಸುಲಿಯುತ್ತಿದ್ದ. ನಾನೂ ಮೊರದ ಮುಂದೆ ಕೂತು, ನನ್ನ ಪರವಾಗಿಯೇ ಮಾತಾಡಿದವನು ನಾಲ್ಕು ತಿಂಗಳು ಯಾಕ ಸುಮ್ಮನಿದ್ದೆಪ್ಪಾ ಅಂತ ಕೇಳಿದೆ. ಅವನು ಇನ್ನೊಂದು ಹಿಡಿ ಕಾಯಿ ಮೊರಕ್ಕೆ ಸುರುವಿಕೊಂಡ.

‘ನಾನೂ ಅದ ಮನ್ಯಾಗ ಇದ್ನೆಲ್ಲವಾ,’ ಅಂದ. ‘ಬಾಗಲದಾಗ ನಿಂತು ಕೇಳಿದ್ನಿ. ನನಗ ಹೇಳಾಕ ನಿನಗ ಫೋನ್ ಬೇಕಾತೇನು?’

‘ಬೇಕಾತಪ್ಪಾ,’ ಅಂದೆ.

ಅವನು ಹೂಂ ಅಂದ, ಸುಲಿದ ಕಾಳನ್ನು ನನ್ನ ಕಡೆ ಸರಿಸಿದ. ಇಂದಿಗೂ ಆ ಉತ್ತರ ನಿಜವೇ, ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ನಲವತ್ತು ವರ್ಷ ದಾಟಿದ ಮೇಲೆ ಈಗ ಅನ್ನಿಸುತ್ತದೆ: ನಾನು ‘ಇಲ್ಲ’ ಅಂದಿದ್ದರೆ ಕೇಳಿಸಿಕೊಳ್ಳಲು ಅಪ್ಪ ಆ ಬಾಗಿಲಲ್ಲಿ ರೊಟ್ಟಿ ಮುಗಿಯುವ ತನಕ ನಿಂತೇ ಇದ್ದ.