ನಾನು ತಿಂದ ದೋಸೆಗಳೆಷ್ಟು?

ಮೊದಲೇ ಹೇಳಿಬಿಡುತ್ತೇನೆ. ಈ ವಾರದ ಅಂಕಣದಲ್ಲಿ ಒಂದೆರಡು ವಿವರ ತಪ್ಪಿರಬಹುದು. ಘಟನೆ ನಡೆದು ಮೂರೇ ವಾರ. ಆಗಲೇ ನನ್ನ ನೆನಪು ಒಂದು ಹೇಳುತ್ತದೆ, ನಮ್ಮ ಮನೆಯ ಮಾಸ್ತರರ (ಅಂದರೆ ನನ್ನ ಯಜಮಾನರ) ನೆನಪು ಇನ್ನೊಂದು ಹೇಳುತ್ತದೆ. ಹೋಟೆಲಿನ ಫ್ಯಾಮಿಲಿ ರೂಮಿನ ಪರದೆ ಹಸಿರು ಎಂದು ನಾನು, ನೀಲಿ ಎಂದು ಅವರು. ಅಂದು ನಾನು ತಿಂದದ್ದು ಮೂರು ದೋಸೆ ಎಂದು ನಾನು, ಐದು ಎಂದು ಅವರು.

ಅವರು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವವರು. ನಾನು ದಿನವೂ ಡೈರಿ ಬರೆಯುವವಳು. ನೀವು ಯಾರನ್ನು ನಂಬುತ್ತೀರಿ?

ಡೈರಿ ತೆಗೆದು ನೋಡಿದೆ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: 'ಹೋಟೆಲ್. ಫ್ಯಾನು. ದೋಸೆ. ಇವರ ಮುಖ.' ಸಂಖ್ಯೆ ಇಲ್ಲ. ಬೇಕಾದದ್ದೊಂದನ್ನು ಬಿಟ್ಟು ಉಳಿದದ್ದನ್ನು ಬರೆಯುವುದರಲ್ಲಿ ನನ್ನದು ಎತ್ತಿದ ಕೈ.

ಆದದ್ದು ಹೀಗೆ. ನನ್ನ ಹೆಸರಿನಲ್ಲಿ ಯಾವುದೋ ಅರ್ಜಿ ತುಂಬುತ್ತಿದ್ದ ಮಾಸ್ತರರು ನನ್ನ ಸರ್ಟಿಫಿಕೇಟು ನೋಡಿ, "ಬಪ್ಪ ಶನಿವಾರ ನಿಂಗೆ ಇಪ್ಪತ್ತೈದು ತುಂಬ್ತು" ಎಂದರು. ತುಂಬಿದರೆ ತುಂಬಲಿ. ನಮ್ಮಲ್ಲಿ ಹುಟ್ಟಿದ ದಿನ ಎಂದರೆ ಮಕ್ಕಳಿಗೆ. ತಿಥಿ ನೋಡಿ, ಎಣ್ಣೆ ಹಚ್ಚಿ ಮೀಯಿಸಿ, ಒಂದು ಪಾಯಸ. ಮದುವೆಯಾದ ಹೆಂಗಸಿಗೆ ಎಂಥ ಬರ್ತ್‌ಡೇ?

"ಯಲ್ಲಾಪುರ ರಸ್ತೆಲಿ ಹೊಸ ಹೋಟ್ಲು ಆಜಲ. ಇಬ್ರೂ ಹೋಪನ" ಎಂದರು.

ಅತ್ತೆ ಒಳಗಿನಿಂದ ಕೇಳಿಸಿಕೊಂಡರು. (ನಮ್ಮ ಬಾಡಿಗೆ ಮನೆಯಲ್ಲಿ ಕೇಳಿಸದ ಮಾತು ಎಂಬುದಿಲ್ಲ.)

"ಹುಟ್ಟಿದ ದಿನಕ್ಕೆ ಹೋಟ್ಲೇ ಆಗವ? ಮನೇಲಿ ಪಾಯಸ ಮಾಡಿರೆ ಆಗ್ತಿಲ್ಯ?"

"ಆಯಿ, ಒಂದೇ ದಿನ."

"ಹೋಗದಾದ್ರೆ ಹಿತ್ತಲ ಬಾಗ್ಲಲ್ಲಿ ಹೋಗಿ. ಎದುರುಮನೆಯವು ಕೇಳಿರೆ ಆನು ಎಂತ ಹೇಳದು?"

ಹಿತ್ತಲ ಬಾಗಿಲಿನಿಂದಲೇ ಹೋದೆವು. ಡಿಗ್ರಿ ಪಾಸಾದ ಇಬ್ಬರು, ಸಂಜೆಯ ಬೆಳಕಿನಲ್ಲಿ, ತೊಂಡೆಯ ಚಪ್ಪರದ ಕೆಳಗೆ ತಲೆ ಬಗ್ಗಿಸಿಕೊಂಡು.

ಹೋಟೆಲು ನಿಜಕ್ಕೂ ಜೋರಾಗಿತ್ತು. ಮೇಜಿನ ಮೇಲೆ ಗಾಜು. ಗೋಡೆಗೆ ಆಳೆತ್ತರದ ಕನ್ನಡಿ. ಕೈತೊಳೆಯುವಲ್ಲಿ ಹೊಸ ಸೋಪು. ತಲೆಯ ಮೇಲೆ ಫ್ಯಾನು. ಇಡೀ ಸಿರಸಿಯಲ್ಲಿ ಇಂಥದ್ದು ಇನ್ನೊಂದಿಲ್ಲ ಎಂದು ಮಾಸ್ತರರು ತಾವೇ ಕಟ್ಟಿಸಿದವರ ಹಾಗೆ ಹೇಳಿದರು. ಸಪ್ಲೈಯರ್ ಒಬ್ಬ ಹಿರಿಯರು, ಕರಾವಳಿ ಕಡೆಯವರು, ಬಿಳಿ ಕೋಟು. ಪರದೆ (ಹಸಿರೇ!) ಎಳೆದು, ಎರಡು ಮಸಾಲೆ ದೋಸೆ ತಂದಿಟ್ಟರು.

ಮಾಸ್ತರರು ಶುರುಮಾಡಿದರು. ನಾನು ತಟ್ಟೆ ಮುಟ್ಟದೆ ಕೂತಿದ್ದೆ.

ನಾಚಿಕೆಯಿಂದಲ್ಲ. ಧಾರವಾಡದ ಹಾಸ್ಟೆಲಿನಲ್ಲಿ ನಲವತ್ತು ಹುಡುಗಿಯರ ಜೊತೆ ಉಂಡವಳು ನಾನು. ಆದರೆ ಎದುರಿಗೆ ಗಂಡ ಉಣ್ಣುತ್ತಿದ್ದರೆ ಕಣ್ಣು ತನ್ನಷ್ಟಕ್ಕೆ ಅವರ ಎಲೆಯ ಮೇಲೆ ಹೋಗಿ ಕೂರುತ್ತದೆ. ಚಟ್ನಿ ಮುಗಿಯಿತೇ? ಇನ್ನೊಂದು ಬೇಕೇ? ಕಾನಸೂರಿನ ನನ್ನ ತವರಿನಲ್ಲಿ ಹಾಗೇ ನೋಡಿದೆ. ಇಲ್ಲಿ ಮೂರು ವರ್ಷ ಹಾಗೇ ಮಾಡಿದೆ. ಅವರ ಚಟ್ನಿ ಮುಗಿಯಿತು. ನನಗೆ ಗೊತ್ತಾಗುವ ಮೊದಲೇ ನನ್ನ ಕೈ ನನ್ನ ಬಟ್ಟಲಿನ ಚಟ್ನಿಯನ್ನು ಅವರ ತಟ್ಟೆಗೆ ಬಡಿಸಿತ್ತು.

ನೀರು ತಂದ ಸಪ್ಲೈಯರ್ ಅದನ್ನು ನೋಡಿದರು.

"ಅಮ್ಮಾ, ಬಡ್ಸೂದು ನನ್ನ ಕೆಲ್ಸ. ನಿಮ್ಮ ಕೆಲ್ಸ ತಿನ್ನೂದು. ದೋಸೆ ಯಾರಿಗೂ ಕಾಯೂದಿಲ್ಲ, ಆರ್ತದೆ."

ಹಾಗಾಗಿ ತಿಂದೆ. ಬಿಸಿಯಿತ್ತು. ಅಂಚು ಗರಿಗರಿ. ಒಂದು ಮುಗಿಯಿತು. ಕೇಳದೆಯೇ ಇನ್ನೊಂದು ಬಂತು, ಅದೂ ಮುಗಿಯಿತು. ಮತ್ತೊಂದು ಹೇಳಿದ್ದು ನಾನೇ ಇರಬೇಕು. ತಲೆಯೆತ್ತಿ ನೋಡಿದರೆ ಮಾಸ್ತರರು ತಿನ್ನುವುದು ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ. ಅವರ ಕ್ಲಾಸಿನ ದಡ್ಡ ಹುಡುಗ ಎದ್ದುನಿಂತು ಉತ್ತರ ಸರಿಯಾಗಿ ಹೇಳಿದರೆ ಹೇಗೆ ನೋಡಿಯಾರು, ಹಾಗೆ.

"ಮನೇಲಿ ನೀನು ತಿಂಬದು ಎರಡೇ ಅಲ್ದ?"

"ಮನೇಲಿ ಉಳಿತಿದ್ದಿದ್ದೇ ಎರಡು" ಎಂದೆ.

ತಮಾಷೆಗೇ ಅಂದದ್ದು. ತಮಾಷೆಗೇ ಅಂದದ್ದೇ? ಅವರು ನಗಲಿಲ್ಲ. ತಟ್ಟೆ ಬದಿಗೆ ಸರಿಸಿ, "ಆನು ನಿಂಗೆ ಹಸಿವೇ ಕಮ್ಮಿ ಹೇಳಿ ತಿಳ್ಕಂಡಿದ್ದೆ" ಎಂದರು. ಹುಟ್ಟುಹಬ್ಬದ ದಿನ ದೋಸೆಯೆದುರು ಅಳುವುದೆಂದರೇನು? ಆಲೂಗಡ್ಡೆ ಪಲ್ಯ ಖಾರವಾಗಿದೆ ಎಂದು ಹೇಳಿ ನೀರು ಕುಡಿದೆ.

ಇಲ್ಲೊಂದು ತಿದ್ದುಪಡಿ ಮಾಡಬೇಕು. ಉಳಿಯುತ್ತಿದ್ದದ್ದು ಎರಡೇ ಎಂಬುದು ಪೂರ್ತಿ ನಿಜವಲ್ಲ. ನಮ್ಮಲ್ಲಿ ಬೆಳಿಗ್ಗೆ ತೆಳ್ಳೇವು. ದೋಸೆಗಿಂತ ತೆಳು, ಕಾವಲಿಯಿಂದ ಎದ್ದ ಕೂಡಲೇ ಬಾಯಿಗೆ ಹೋಗಬೇಕು, ಆರಿದರೆ ಚರ್ಮದ ಹಾಗೆ. ಮಾಸ್ತರರು ಎಂಟು ತಿನ್ನುತ್ತಾರೆ. ಹಿಟ್ಟು ಮಿಗುತ್ತದೆ. ತಿನ್ನಬೇಡ ಎಂದು ಅತ್ತೆ ಒಂದು ದಿನವೂ ಹೇಳಿದವರಲ್ಲ. ಆದರೆ ಮಾಸ್ತರರದು ಆಗಿ, ಬೆಂಕಿ ಕುಂದುವ ಹೊತ್ತಿಗೆ, ತನ್ನೊಬ್ಬಳಿಗಾಗಿ ಮತ್ತೆ ಊದಿ ಉರಿ ಮಾಡುವುದಕ್ಕೆ ಮನಸ್ಸು ಬರುವುದಿಲ್ಲ. ಮೊದಲು ಹರಿದುಹೋದದ್ದೊಂದು, ಕೊನೆಗೆ ಸೀದದ್ದೊಂದು. ಒಲೆಯ ಪಕ್ಕವೇ ಕೂತು ಮುಗಿಸಿದರಾಯಿತು. ಯಾರೂ ಹೇರಿದ್ದಲ್ಲ. ಕಾಲೇಜಿನ ಡಿಬೇಟಿನಲ್ಲಿ ಸ್ತ್ರೀ ಸಮಾನತೆಯ ಮೇಲೆ ಮೇಜು ಕುಟ್ಟಿ ಮಾತಾಡಿದವಳು ಇದನ್ನು ಎಲ್ಲಿಂದ ಕಲಿತೆ?

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಮಾಸ್ತರರು ಪಂಚೆ ಎತ್ತಿ ಕಟ್ಟಿ ಒಲೆಯೆದುರು ಕೂತಿದ್ದಾರೆ.

"ನೀನು ಕೂತ್ಕ. ಆನು ಎರೀತೆ."

ಮೊದಲನೆಯದು ಕಾವಲಿ ಬಿಡಲಿಲ್ಲ. ಎರಡನೆಯದು ಹಳಿಯಾಳ ತಾಲ್ಲೂಕಿನ ನಕಾಶೆಯಂತೆ ಬಂತು. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಈಗ ಬಂತು ಮಳೆ, ಗುಡುಗು ಎಂದುಕೊಂಡೆ.

"ತಮಾ, ಅದು ಕಾವಲಿ. ಬೋರ್ಡು ಒರೆಸಿದಾಂಗೆ ಒರೆಸಡ. ಮೆತ್ತಗೆ ಎಳಿ."

ಅಷ್ಟೇ. ನಕ್ಕದ್ದು ಅವರೇ ಮೊದಲು. ನಾನು ಬಿಸಿ ತೆಳ್ಳೇವು ತಿಂದೆ. ಕರಕಲು, ಹರಕಲು, ಆದರೆ ಬಿಸಿ. ನಾಲ್ಕು ತಿಂದೆ. (ಇದನ್ನು ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಸಂಖ್ಯೆಸಹಿತ.)

ಅಂದಿನಿಂದ ಇದೇ ನಡೆದಿದೆ. ಅವರಿಗೆ ನಾನು ಎರೆದುಕೊಡುತ್ತೇನೆ, ನನಗೆ ಅವರು. ಈಗ ತೆಳ್ಳೇವು ದುಂಡಗೂ ಬರುತ್ತಿವೆ. ಮನೆಯಲ್ಲಿ ದೊಡ್ಡ ಕ್ರಾಂತಿಯಾಯಿತು ಎಂದುಕೊಂಡು ಈ ಅಂಕಣವನ್ನು ಹೋದ ವಾರವೇ ಬರೆಯಲು ಕೂತಿದ್ದೆ. ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಹೋದ ಮಂಗಳವಾರ. ನಮ್ಮಿಬ್ಬರದೂ ಆಯಿತು. ಇವರು ಶಾಲೆಗೆ ಹೊರಟರು. ಏನೋ ತರಲು ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಪಕ್ಕ ಗೋಡೆಗೆ ಒರಗಿ ಕೂತು ತಿನ್ನುತ್ತಿದ್ದರು. ಮೊದಲು ಹರಿದುಹೋದದ್ದೊಂದು. ಕೊನೆಗೆ ಸೀದದ್ದೊಂದು.

ಎರಡು.

ಮೂರು ವರ್ಷದಿಂದ ಅವರು ನನ್ನ ಜೊತೆಗೇ, ಅದೇ ಒಲೆಯ ಆ ಬದಿಯಲ್ಲಿ ಕೂತು ಎರಡೇ ತಿನ್ನುತ್ತಿದ್ದವರು. ಮಾವ ತೀರಿಕೊಂಡ ಮೇಲೆ ಅತ್ತೆಗೆ ತಿಂಡಿಯೇ ಸೇರುವುದಿಲ್ಲ ಎಂದು ಮಾಸ್ತರರು ಹೇಳಿದ್ದರು, ನಾನೂ ನಂಬಿದ್ದೆ. ಹಸಿವು ಕಮ್ಮಿ ಎಂದುಕೊಂಡಿದ್ದೆ. ನನ್ನ ಬಗ್ಗೆ ಗಂಡ ಅಂದುಕೊಂಡದ್ದು ಕೇಳಿ, ಖಾರದ ನೆಪ ಹೇಳಿ ನೀರು ಕುಡಿದವಳು ನಾನು!

"ಅತ್ತೆ, ಇನ್ನೆರಡು ಎರೆದು ಕೊಡ್ತೆ. ಹಿಟ್ಟು ಇದ್ದು" ಎಂದೆ.

"ಯಂಗೆಂತಕ್ಕೆ? ಸಾಕು ತಂಗಿ, ಬೆಂಕಿ ಆರೋಜು."

ಊದಿ ಉರಿ ಮಾಡಿದೆ. ಎರೆದೆ. ತಿಂದರು. ಇನ್ನೊಂದು ಎರೆದೆ. ಬೇಡ ಎನ್ನುತ್ತಲೇ ಅದನ್ನೂ ತಿಂದರು. ಆರು ಆಗುವವರೆಗೂ ಕೈ ತೊಳೆಯಲಿಲ್ಲ. ಈ ಸಂಖ್ಯೆಯಲ್ಲಿ ನನಗೆ ಸಂದೇಹವಿಲ್ಲ, ಯಾಕೆಂದರೆ ಎರೆದವಳು ನಾನೇ. ಆಗ ಒಂದು ಪ್ರಶ್ನೆ ಕೇಳಿದೆ. ಅವರು ನನ್ನನ್ನೊಮ್ಮೆ ನೋಡಿದರು. ಎದ್ದರು. ಬಿಸಿ ಕಾವಲಿಯನ್ನು ಸೆರಗಿನಲ್ಲಿ ಹಿಡಿದು ಇಳಿಸಿ ಹಿತ್ತಲಿಗೆ ಒಯ್ದರು. ಬಹಳ ಹೊತ್ತು ಅದನ್ನು ತಿಕ್ಕುವ ಸದ್ದು ಕೇಳುತ್ತಿತ್ತು. ಕಾವಲಿಯನ್ನು ತಿಕ್ಕಿ ತೊಳೆಯುವ ಕ್ರಮವೇ ನಮ್ಮಲ್ಲಿಲ್ಲ.

ಉತ್ತರ ಇವತ್ತಿಗೂ ಬಂದಿಲ್ಲ. ಈ ಅಂಕಣವನ್ನು ಪ್ರತಿ ವಾರ ಮಾಸ್ತರರು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಆದ್ದರಿಂದ ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ:

ಅತ್ತೆ, ನೀವು ಎಷ್ಟು ತೆಳ್ಳೇವು ತಿಂತ್ರಿ ಹೇಳದು ಮಾವಂಗೆ ಗೊತ್ತಿತ್ತ?