ಗಿರಿಜೆಯ ತೋಡಿ, ಅಜ್ಜಿಯ ಮೆಣಸಿನಕಾಯಿ

ಎಲ್ಲಾದರೂ ಒಣಮೆಣಸಿನಕಾಯಿ ಸುಟ್ಟ ಘಾಟು ಬಂದರೆ ಬೇರೆಯವರಿಗೆ ಕೆಮ್ಮು ಬರುತ್ತದೆ, ನನಗೆ ತೋಡಿ ರಾಗ ನೆನಪಾಗುತ್ತದೆ. ನಗಬೇಡಿ. ಹೊಳವನಹಳ್ಳಿಯ ನಮ್ಮ ಮನೆಯಲ್ಲಿ ಅವೆರಡೂ ಒಟ್ಟಿಗೇ ಇದ್ದವು. ನನ್ನ ತಂಗಿ ಗಿರಿಜೆ ಶಾಲೆಗೆ ಸೇರುವ ಮೊದಲೇ, ರೇಡಿಯೋದಲ್ಲಿ ಒಮ್ಮೆ ಕೇಳಿದ ಕೀರ್ತನೆಯನ್ನು ಅದರ ಏರಿಳಿತ, ಸಂಗತಿಗಳ ಸಮೇತ ಹಾಡಿಬಿಡುತ್ತಿದ್ದಳು. ಕಲಿಸಿದವರು ಯಾರೂ ಇಲ್ಲ. ಪಡಸಾಲೆಯ ಕಂಬಕ್ಕೆ ಒರಗಿ, ಮುದ್ದೆ ನುಂಗಿದಷ್ಟು ಸಲೀಸಾಗಿ ಅವಳು ತೋಡಿ ಎಳೆಯುತ್ತಿದ್ದರೆ ಬೀದಿಯಲ್ಲಿ ಹೋಗುವವರು ತಲೆಯ ಮೇಲಿನ ಹೊರೆ ಇಳಿಸಿ ನಿಲ್ಲುತ್ತಿದ್ದರು. ಅಜ್ಜಿ ಮಾತ್ರ ಒಂದು ದಿನವೂ ಹೊಗಳಲಿಲ್ಲ. ಮನೆಯವರೇ ಹೊಗಳಿದರೆ ಮಗುವಿಗೆ ಮನೆಯವರ ಕಣ್ಣೇ ತಾಕುತ್ತದೆ ಎಂಬ ಭಯ ಆಕೆಗೆ. "ಪರವಾಗಿಲ್ಲ ಬುಡು" ಎಂದು ಎದ್ದವಳೇ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದಳು. ಹಾಡು ಚೆನ್ನಾದಷ್ಟೂ ಮೆಣಸಿನಕಾಯಿ ಜಾಸ್ತಿ. ಗಿರಿಜೆಗೆ ಅದು ಸಾಲದು. "ಚೆನ್ನಾಗಿತ್ತಾ ಹೇಳಜ್ಜಿ" ಎಂದು ಸೆರಗು ಹಿಡಿದು ಕಾಡುತ್ತಿದ್ದಳು.

ಒಮ್ಮೆ ಮಧುಗಿರಿಯ ಸಂಗೀತದ ಮೇಷ್ಟ್ರೊಬ್ಬರು, ಅವಳ ಹಾಡು ಕೇಳಿ ಹಿಡಿಸಿದರೆ ಮನೆಯಲ್ಲಿಟ್ಟುಕೊಂಡು ಕಲಿಸುತ್ತೇನೆಂದು ಹೇಳಿಕಳುಹಿಸಿದರು. ಅವರು ಬರುವ ಹಿಂದಿನ ಸಂಜೆ ಗಿರಿಜೆ ಹೇಗೆ ಹಾಡಿದಳೆಂದರೆ, ಅಜ್ಜಿ ಬೊಗಸೆ ತುಂಬ ಮೆಣಸಿನಕಾಯಿ ಒಲೆಗೆ ಸುರಿದಳು. ಮನೆಯೆಲ್ಲ ಹೊಗೆ. ಬೆಳಿಗ್ಗೆ ಮೇಷ್ಟ್ರ ಮುಂದೆ ಕೂತ ಮಗುವಿನ ಗಂಟಲಿನಿಂದ ಬರೀ ಗಾಳಿ ಹೊರಟಿತು. ಅವರು ನಿಟ್ಟುಸಿರು ಬಿಟ್ಟು ಕೊಡೆ ಎತ್ತಿಕೊಂಡರು. ಆಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಹೋಗ್ಬ್ಯಾಡಿ ಸ್ವಾಮಿ. ಗಂಟ್ಲು ಕೆಡ್ಸಿದ್ದು ನಾನು, ದೃಷ್ಟಿ ತೆಗೀತೀನಂತ ಹೊಗೆ ಹಾಕ್ಬುಟ್ಟೆ. ಇಂತಾ ಹಾಡ್ನ ನಾನು ಈ ಜನ್ಮದಲ್ಲಿ ಕೇಳಿಲ್ಲ. ಇದ್ರ ಗಂಟ್ಲು ತಿಳಿಯಾಗಗಂಟ ಇಲ್ಲೇ ಇರಿ."

ಅಜ್ಜಿ ಬಾಯಿಬಿಟ್ಟು ಹೊಗಳಿದ್ದು ಅದೊಂದೇ ಸಲ. ಗಿರಿಜೆಯ ಮುಖ ನೋಡಬೇಕಿತ್ತು ನೀವು! ಮೇಷ್ಟ್ರು ನಕ್ಕು ಕೊಡೆ ಕೆಳಗಿಟ್ಟರು, ಗಂಟಲು ತಿಳಿಯಾಗುವವರೆಗೂ ನಮ್ಮಲ್ಲೇ ಉಳಿದರು, ಹಾಡು ಕೇಳಿ ಅವಳನ್ನು ಕರೆದುಕೊಂಡೇ ಹೋದರು.

ಲಂಗ ಬಿಟ್ಟು ಸೀರೆ ಉಡುವ ಮೊದಲೇ ಅವಳು ಕಚೇರಿ ಮಾಡಿದಳು. ಸೀರೆ ಉಟ್ಟ ವರ್ಷ ವಿಷಮಶೀತ ಜ್ವರ ಬಂತು, ಹೊರಟುಹೋದಳು. ಅಜ್ಜಿ ತನ್ನ ಕೊನೆಯವರೆಗೂ, "ಅವತ್ತು ನಾನು ಬಾಯ್ಬುಡಬಾರ್ದಾಗಿತ್ತು ಕಣ್ಲಾ. ನನ್ ಕಣ್ಣೇ ತಾಕ್ಬುಡ್ತು" ಎಂದು ಎದೆ ಒತ್ತಿಕೊಳ್ಳುತ್ತಿದ್ದಳು. ಇಲ್ಲಜ್ಜಿ ಎಂದರೆ ಒಪ್ಪುತ್ತಿರಲಿಲ್ಲ. ಈಗ ಅಜ್ಜಿಯೂ ಇಲ್ಲ, ಆ ಮನೆಯೂ ಇಲ್ಲ. ಆದರೆ ಆ ಹೊಗಳಿಕೆ ಗಿರಿಜೆಗೆ ಏನಾಗಿತ್ತೆಂದು ನನಗೆ ಗೊತ್ತು. ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿ ರಜೆಗೆ ಬಂದಾಗಲೆಲ್ಲ ಗಿರಿಜೆ ನನ್ನನ್ನು ಹಿತ್ತಲಿಗೆ ಎಳೆದೊಯ್ಯುತ್ತಿದ್ದಳು: "ಅಜ್ಜಿ ಅವತ್ತು ಏನಂತು, ಇನ್ನೊಂದ್ಸಲ ಹೇಳಣ್ಣ." ನಾನು ಅಜ್ಜಿಯ ದನಿಯಲ್ಲೇ ಹೇಳುತ್ತಿದ್ದೆ. ಅವಳು ಕಣ್ಣು ಮುಚ್ಚಿ ಕೇಳುತ್ತಿದ್ದಳು.