ಟ್ರೇಲರಿನ ಅಡಿಯಿಂದ ಬಿಚ್ಚಿದ ನಾಲ್ಕು ನಟ್ಟು

ಇದು ಕೇಳಿದ ಕತೆಯಲ್ಲ, ಆ ಟ್ರೇಲರಿನ ಡಬ್ಬಿಯೊಳಗೆ ನಾನೇ ಕೂತಿದ್ದೆ. ಅಂದು ಶನಿವಾರ. ಒಲೆ ಹಚ್ಚಿದ್ದು ಸಂಜೆ ಏಳು ಹತ್ತಕ್ಕೆ. ಆ ಪ್ರವಾಸದಲ್ಲಿ ಅದು ನಮ್ಮ ಐದನೆಯ ಅಡುಗೆ. ಎಲ್ಲವೂ ನನ್ನ ದಿನಚರಿಯಲ್ಲಿದೆ.

ಚಾಮರಾಜನಗರದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನನ್ನ ಚಿಕ್ಕಪ್ಪ ತಾನೇ ಒಂದು ಕ್ಯಾಂಪರ್ ಟ್ರೇಲರ್ ಕಟ್ಟಿದ್ದ. ಜೀಪಿನ ಹಿಂದೆ ಎಳೆದುಕೊಂಡು ಹೋಗುವ ತಗಡಿನ ಕೋಣೆ. ಎರಡು ಹಲಗೆ ಮಂಚ, ಒಂದು ಬಾಗಿಲು, ಅದರ ಪಕ್ಕದಲ್ಲೇ ಒಂದು ಕಿಟಕಿ, ಪುಟ್ಟ ಗ್ಯಾಸ್ ಸಿಲಿಂಡರ್. ಸೋರಿದ ಗ್ಯಾಸ್ ನೆಲಕ್ಕೆ ಇಳಿಯುತ್ತದೆಂದು ನೆಲದಲ್ಲಿ ಅಂಗೈಯಗಲದ ಕಿಂಡಿಯನ್ನೂ ಬಿಟ್ಟಿದ್ದ. ಆಮೇಲೆ ಹಾವು ನುಗ್ಗೀತೆಂದು ಅಡಿಯಿಂದ ತಗಡು ಕೊಟ್ಟು ನಾಲ್ಕು ನಟ್ಟು ಬಿಗಿದುಬಿಟ್ಟ.

"ಒಲ ಹಚ್ಚದು ಬಯಲಲ್ಲಿ ತಾನೆ? ಕಿಂಡಿ ಯಾಕ?" ಎಂದಿದ್ದ. ನಾನೂ ತಲೆಯಾಡಿಸಿದ್ದೆ.

ಕಾಡಂಚಿನ ಹಂಗಳದ ಆಚೆ ಪರಿಚಯದ ಮಾದಣ್ಣನ ಹೊಲದಲ್ಲಿ ಟ್ರೇಲರ್ ನಿಲ್ಲಿಸಿದೆವು. ನಾನು ಒಲೆ ಹೊರಗಿಡುವುದನ್ನು ನೋಡಿ ಮಾದಣ್ಣ, "ಕತ್ಲಾದ ಮ್ಯಾಲ ಬಯಲಲ್ಲಿ ಬೇಯಿಸ್ಬ್ಯಾಡ ಕಣಮ್ಮಿ. ವಾಸ್ನ ಹಿಡ್ಕಂಡು ಆನೆ ಬತ್ತವ," ಎಂದ.

"ಬಂದ್ರ ಒಂದು ಮುದ್ದ ಜಾಸ್ತಿ ಕಟ್ತೀವಿ ಬುಡಣ್ಣ," ಎಂದು ಚಿಕ್ಕಪ್ಪ ನಕ್ಕ.

ಮಾದಣ್ಣ ನಗಲಿಲ್ಲ. ಅವನು ಮನೆಗೆ ಹೋದ ಮೇಲೆ ಒಲೆಯನ್ನು ಒಳಗಿಟ್ಟು, ಬಾಗಿಲು ತೆರೆದಿಟ್ಟು, ಉಪ್ಸಾರಿಗೆ ಕಾಳು ಬೇಯಲು ಹಾಕಿದೆ.

ಏಳು ನಲವತ್ತು. ಹಸಿ ಲದ್ದಿಯ ವಾಸನೆ... ಮೊರದಂಥ ಕಿವಿ ಬಡಿದ ಸದ್ದು... ಚಿಕ್ಕಪ್ಪ ಬಾಗಿಲೆಳೆದುಕೊಂಡ. ಮರುಕ್ಷಣ ಟ್ರೇಲರ್ ಇಡಿಯಾಗಿ ಓಲಾಡಿತು. ಪಾತ್ರೆ ಮಗುಚಿ ಉರಿ ಆರಿತು, ಸಿಲಿಂಡರ್ ಉರುಳಿ ಟ್ಯೂಬ್ ಕಳಚಿತು. ದೀಪವೂ ಹೋಯಿತು. ಕತ್ತಲಲ್ಲಿ ಗ್ಯಾಸ್ ಬುಸುಗುಡುತ್ತಿತ್ತು.

"ಟಾರ್ಚ್ ಒತ್ಬ್ಯಾಡ. ಒಂದು ಕಿಡಿ ಸಾಕು," ಚಿಕ್ಕಪ್ಪ ಪಿಸುಗುಟ್ಟಿದ.

ನಾನು ತಡಕಾಡಿ ರೆಗ್ಯುಲೇಟರ್ ಹುಡುಕಿ ಮುಚ್ಚುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಬುಸುಗುಡುವುದು ನಿಂತರೂ ವಾಸನೆ ಗಂಟಲಿಗಿಳಿಯುತ್ತಿತ್ತು. ಬಾಗಿಲು ತಳ್ಳಿದೆ. ಗೋಡೆಗೆ ತಳ್ಳಿದಂತಾಯಿತು. ಆನೆ ಬಾಗಿಲಿಗೂ ಕಿಟಕಿಗೂ ಮೈಯೊರಗಿಸಿ ನಿಂತಿತ್ತು. ಅದರ ಹೊಟ್ಟೆಯ ಗುಡುಗುಡು ತಗಡಿನ ಮೂಲಕ ನನ್ನ ಅಂಗೈಗೆ ತಾಕುತ್ತಿತ್ತು.

"ತಲ ಸುತ್ತದ ಕಣಮ್ಮಿ..." ಚಿಕ್ಕಪ್ಪ ನೆಲಕ್ಕೆ ಕುಸಿದ. ಗ್ಯಾಸ್ ತುಂಬಿದ್ದೂ ಅಲ್ಲೇ. ಕಂಕುಳಿಗೆ ಕೈಕೊಟ್ಟು ಅವನನ್ನು ಹಲಗೆಯ ಮೇಲೆಳೆದೆ. ಅವನ ತಲೆ ಪಕ್ಕಕ್ಕೆ ವಾಲಿತು. ಕೂಗಿದರೆ ಆನೆ ಕೆರಳೀತು. ಸುಮ್ಮನಿದ್ದರೆ ಇಬ್ಬರೂ ಬೆಳಗು ಕಾಣುವುದಿಲ್ಲ.

ಆಗ ಕಾಲಿನಡಿ ಸದ್ದಾಯಿತು.

ಕರ್ರ್... ಕರ್ರ್...

ಬಿಗಿದ ನಟ್ಟು ತಿರುಗುವ ಸದ್ದು. ವೆಲ್ಡಿಂಗ್ ಅಂಗಡಿಯಲ್ಲಿ ಬೆಳೆದವಳಿಗೆ ಅದರ ಗುರುತು ತಪ್ಪಲಾರದು. ನಟ್ಟು ಕಳಚಿ ತಗಡಿಗೆ ಟಕ್ ಎಂದಿತು. ಒಂದು... ಸ್ವಲ್ಪ ಹೊತ್ತಿಗೆ ಎರಡು... ಅವಸರವೇ ಇರಲಿಲ್ಲ. ಮೂರು... ನಾಲ್ಕು. ತಗಡು ಸರಿದು ತಣ್ಣನೆಯ ಗಾಳಿ ನನ್ನ ಪಾದಕ್ಕೆ ಬಡಿಯಿತು.

"ಮಾದಣ್ಣಾ?" ಎಂದೆ ಮೆಲ್ಲಗೆ.

ವಾಸನೆ ನಿಧಾನವಾಗಿ ಇಳಿಯಿತು. ಚಿಕ್ಕಪ್ಪ ಕೆಮ್ಮಿ ಎದ್ದು ಕೂತ. ಆನೆ ಹೋದದ್ದು ಕೋಳಿ ಕೂಗಿದ ಮೇಲೆ. ಅಲ್ಲಿಯವರೆಗೂ ಇಬ್ಬರೂ ಕಾಲನ್ನು ಮಂಚದ ಮೇಲೇ ಮಡಚಿಟ್ಟುಕೊಂಡಿದ್ದೆವು. ಯಾಕೆಂದು ಒಬ್ಬರನ್ನೊಬ್ಬರು ಕೇಳಲಿಲ್ಲ.

ಬೆಳಕಾದಾಗ ಬಗ್ಗಿ ನೋಡಿದೆವು. ತಗಡು ನೆಲದ ಮೇಲಿತ್ತು, ಅದರ ಮೇಲೆ ನಾಲ್ಕು ನಟ್ಟು ಸಾಲಾಗಿದ್ದವು. ಬಾಗಿಲ ಕಡೆ ಆನೆಯ ಹೆಜ್ಜೆಗಳು. ಟ್ರೇಲರಿನ ಅಡಿಯ ಮೆದು ಮಣ್ಣಿನಲ್ಲಿ ಒಂದು ಗೀರೂ ಇಲ್ಲ. ಸ್ಪ್ಯಾನರ್ ನಮ್ಮ ಪೆಟ್ಟಿಗೆಯೊಳಗೇ ಇತ್ತು.

"ಆನೆ ನಿಂತಿರ್ವಾಗ ಯಾವನ್ಲಾ ಬತ್ತನ?" ಎಂದು, ರಾತ್ರಿ ಬಂದು ಬಿಚ್ಚಿದ್ದು ನೀನಾ ಎಂದು ಕೇಳಿದ್ದಕ್ಕೆ ಮಾದಣ್ಣ ಚಿಕ್ಕಪ್ಪನನ್ನೇ ಗದರಿದ.

ವಾಪಸು ಬರುವಾಗ ಗುಂಡ್ಲುಪೇಟೆ ದಾಟಿದೆವು. ಆಮೇಲೆ ಚಿಕ್ಕಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ, "ನಮ್ಮನ್ನ ಉಳಿಸಕ್ಕ ಬಿಚ್ತಾ... ಇಲ್ಲ, ಒಳಕ್ಕ ಬರಕ್ಕ ಬಿಚ್ತಾ?"

ಟ್ರೇಲರ್ ಈಗ ಅಂಗಡಿಯ ಹಿಂದೆ ನಿಂತಿದೆ. ಕೊಳ್ಳಲು ಬಂದವರೊಬ್ಬರು ನೆಲದ ತೂತು ಮುಚ್ಚಿಕೊಡಿ ಎಂದರು. ಮುಚ್ಚಬೇಕಾದರೆ ಯಾರಾದರೂ ಅಡಿಗೆ ತೆವಳಿ ಅಂಗಾತ ಮಲಗಬೇಕು. ಚಿಕ್ಕಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

ತೂತು ಹಾಗೆಯೇ ಇದೆ.